ಗ್ರಾಮದೇವತೆಯ ಹಳೆಯ ಮರದ ಮೂರ್ತಿ ಸೀಳು ಬಿಟ್ಟಿದೆ: ದುರಸ್ತಿಯೋ, ಹೊಸ ಕೆತ್ತನೆಯೋ?

ಪ್ರಶ್ನೆ – ಹೊಳಲ್ಕೆರೆ ತಾಲ್ಲೂಕಿನಿಂದ

ಎಲ್ಲರಿಗೂ ನಮಸ್ಕಾರ. ನಮ್ಮ ಊರಿನ ಅಮ್ಮನ ಮೂರ್ತಿ ಮರದ್ದು. ಸುಮಾರು ಮೂರೂವರೆ ಅಡಿ ಎತ್ತರವಿದ್ದು, ಮುತ್ತಜ್ಜಂದಿರ ಕಾಲದ್ದೆಂದು ಹಿರಿಯರು ಹೇಳುತ್ತಾರೆ. ಜಾತ್ರೆಗೆ ಮುನ್ನ ಬಣ್ಣ ಮಾಡಿಸಲೆಂದು ಸೀರೆ, ಒಡವೆಗಳನ್ನು ತೆಗೆದಾಗ, ಎದೆಯಿಂದ ಪೀಠದವರೆಗೆ ಕಿರುಬೆರಳು ಹೋಗುವಷ್ಟು ಅಗಲದ ಸೀಳು ಕಂಡುಬಂದಿತು. ಬಲಗೈ ಭುಜದ ಬಳಿ ಅಲುಗಾಡುತ್ತಿದೆ. ಪೀಠದ ಹಿಂಭಾಗದಲ್ಲಿ ಸಣ್ಣ ಸಣ್ಣ ತೂತುಗಳಿದ್ದು, ಅವುಗಳ ಕೆಳಗೆ ಜೋಳದ ಹಿಟ್ಟಿನಂತಹ ಪುಡಿ ಉದುರಿದೆ.

ಭಿನ್ನವಾದ ಮೂರ್ತಿಗೆ ಪೂಜೆ ಸಲ್ಲದು, ಹೊಸದನ್ನು ಕೆತ್ತಿಸಿ ಹಳೆಯದನ್ನು ಹೊಳೆಗೆ ಬಿಡೋಣವೆಂದು ಕೆಲವರು ಹೇಳುತ್ತಿದ್ದಾರೆ. ಇದೇ ಮೂರ್ತಿಯನ್ನು ಸರಿಪಡಿಸಬೇಕೆಂಬುದು ಮನೆಯ ಹೆಣ್ಣುಮಕ್ಕಳ ಒತ್ತಾಯ. ಈ ನಡುವೆ ಹಳೆಯ ಸಾಮಾನು ಕೊಳ್ಳುವ ವ್ಯಾಪಾರಿಯೊಬ್ಬರು ಬಂದು, ಒಳ್ಳೆಯ ಬೆಲೆ ಕೊಡುವುದಾಗಿ ಹೇಳಿ ಹೋಗಿದ್ದಾರೆ. ಮರದ ಮೂರ್ತಿಗಳನ್ನು ಪೂಜಿಸುವ ಬೇರೆ ನಾಡಿನ ಜನ ಇಂತಹ ಹೊತ್ತಿನಲ್ಲಿ ಏನು ಮಾಡುತ್ತಾರೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ – ದಾವಣಗೆರೆಯಿಂದ, ಮರಗೆತ್ತನೆಯ ಕಸುಬಿನವರು

ಮೊದಲು ಸೀಳಿನ ಮಾತು. ಇಡೀ ದಿಮ್ಮಿಯನ್ನು ತಿರುಳಿನ ಸಮೇತ ಬಳಸಿ ಕೆತ್ತಿದ ಮೂರ್ತಿ ಸೀಳುವುದು ಸಹಜ. ಮರ ಒಣಗುವಾಗ ಅದರ ಉಂಗುರಗಳ ಸುತ್ತಳತೆಯ ದಿಕ್ಕಿನಲ್ಲಿ ಆಗುವ ಕುಗ್ಗುವಿಕೆ, ತಿರುಳಿನ ಕಡೆಗಿನ ದಿಕ್ಕಿನಲ್ಲಿ ಆಗುವುದಕ್ಕಿಂತ ಹೆಚ್ಚುಕಡಿಮೆ ಇಮ್ಮಡಿ ಇರುತ್ತದೆ. ಆ ಎಳೆತವನ್ನು ತಾಳಲಾರದೆ ಮರ ಹೊರಗಿನಿಂದ ತಿರುಳಿನವರೆಗೆ ಬಾಯಿ ಬಿಡುತ್ತದೆ. ಇದನ್ನು ಜಗತ್ತಿನ ಎಲ್ಲ ಮರಗೆತ್ತನೆಯವರೂ ಕಂಡುಕೊಂಡಿದ್ದರು. ಜಪಾನಿನ ಶಿಲ್ಪಿಗಳು ಬುದ್ಧನ ಮೂರ್ತಿಗಳ ಒಳಭಾಗವನ್ನು ಟೊಳ್ಳು ಮಾಡುತ್ತಿದ್ದರು. ಮುಂದೆ ಹಲವು ತುಂಡುಗಳನ್ನು ಜೋಡಿಸಿ ಕೆತ್ತುವ ವಿಧಾನವನ್ನೂ ಬೆಳೆಸಿದರು. ಉಜಿ ಎಂಬ ಊರಿನ ಬ್ಯೋದೋಇನ್ ಮಂದಿರಕ್ಕಾಗಿ ಶಿಲ್ಪಿ ಜೋಚೋ 1053ರಲ್ಲಿ ಹಾಗೆ ಜೋಡಿಸಿ ಮಾಡಿದ ಅಮಿದ ಬುದ್ಧನ ಮೂರ್ತಿ ಇಂದಿಗೂ ಅಲ್ಲಿದೆ. ಕೆನಡಾದ ಪಶ್ಚಿಮ ಕರಾವಳಿಯ ಮೂಲನಿವಾಸಿಗಳು ಕೂಡ ಕೆಂಪು ದೇವದಾರು ಜಾತಿಯ ಮರದಲ್ಲಿ ಕುಲಸ್ತಂಭಗಳನ್ನು ಕೆತ್ತುವಾಗ ಅನೇಕ ಕಂಬಗಳ ಬೆನ್ನನ್ನು ತೋಡಿ ಹಗುರ ಮಾಡುತ್ತಾರೆ. ಆದ್ದರಿಂದ ನಿಮ್ಮ ಅಮ್ಮನ ಮೈಮೇಲಿನ ಸೀಳನ್ನು ಅಪಶಕುನವೆಂದು ಯಾರೂ ತಿಳಿಯಬೇಕಾಗಿಲ್ಲ; ಬಹುಶಃ ಕೆತ್ತಿದ ಕೆಲವೇ ವರ್ಷಗಳಲ್ಲಿ ಅದು ಬಿಟ್ಟಿದ್ದು, ಬಣ್ಣದ ಪದರಗಳ ಕೆಳಗೆ ಮುಚ್ಚಿಹೋಗಿತ್ತು.

ಆ ಸೀಳಿಗೆ ಗೋಡೆಯ ಪುಟ್ಟಿಯನ್ನಾಗಲಿ, ಎಂ-ಸೀಲನ್ನಾಗಲಿ ತುಂಬಿಸಬೇಡಿ. ಮಳೆಗಾಲದಲ್ಲಿ ಮರ ಉಬ್ಬಿದಾಗ ಕಲ್ಲಿನಂತೆ ಗಟ್ಟಿಯಾದ ಆ ವಸ್ತು ಸರಿದು ಜಾಗ ಕೊಡುವುದಿಲ್ಲ, ಪಕ್ಕದಲ್ಲಿ ಹೊಸ ಸೀಳು ಹುಟ್ಟುತ್ತದೆ. ಅದೇ ಜಾತಿಯ ಒಣಗಿದ ಮರದ ತೆಳುಪಟ್ಟಿಯನ್ನು ಅಳತೆಗೆ ಕೆತ್ತಿ, ಒಂದು ಬದಿಗೆ ಮಾತ್ರ ಅಂಟಿಸಿ ಕೂರಿಸಿದರೆ, ಮರದ ಉಸಿರಾಟಕ್ಕೆ ಎಡೆ ಉಳಿಯುತ್ತದೆ. ಕೈಯನ್ನು ಬಹುಶಃ ಗೂಟ ಹೊಡೆದು ಕೂಡಿಸಿದ್ದಾರೆ; ಗೂಟ ಬದಲಿಸಿದರೆ ಸಾಕು.

ಪುಡಿಯ ವಿಷಯದಲ್ಲಿ ಮಾತ್ರ ತಡ ಮಾಡಬೇಡಿ. ಮಣ್ಣಿನ ಗೂಡಾಗಲಿ ಗೆರೆಯಾಗಲಿ ಇಲ್ಲದಿದ್ದರೆ ಅದು ಗೆದ್ದಲಲ್ಲ, ಮರ ಕೊರೆಯುವ ಹುಳು. ಪೀಠವನ್ನು ಒರೆಸಿ, ಕೆಳಗೆ ಕಪ್ಪು ಬಟ್ಟೆ ಹಾಸಿ ಎರಡು ವಾರ ನೋಡಿ. ಮತ್ತೆ ಪುಡಿ ಬಿದ್ದರೆ ಹುಳು ಇನ್ನೂ ಒಳಗಿದೆ ಎಂದು ತಿಳಿಯಿರಿ. ಸೀಮೆಎಣ್ಣೆ ಸುರಿಯುವ ರೂಢಿ ನಮ್ಮ ಕಡೆ ಇದೆ, ಅದು ಬೇಡವೇ ಬೇಡ. ಬಣ್ಣಕ್ಕೆ ಕಲೆ ಹಿಡಿಯುತ್ತದೆ, ದೀಪದ ಬಳಿ ಬೆಂಕಿಯ ಭಯವೂ ಇದೆ. ಹಳೆಯ ಬಣ್ಣವನ್ನು ಕೆರೆದು ತೆಗೆಯಲೂ ಬಿಡಬೇಡಿ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಹುಣಸೆಬೀಜದ ಅಂಟಿನಲ್ಲಿ ಹದ ಮಾಡಿದ ಪದರಗಳನ್ನು ಮರದ ಮೇಲೆ ಕೂರಿಸಿ ಬಣ್ಣ ತುಂಬುತ್ತಾರೆ. ನಿಮ್ಮ ಮೂರ್ತಿಯ ಎನಾಮೆಲ್ ಬಣ್ಣದ ಅಡಿಯಲ್ಲಿಯೂ ಅಂತಹ ಕೆಲಸ ಇದ್ದರೆ, ಕೆರೆದ ಮೇಲೆ ಅದು ಮತ್ತೆ ಸಿಗುವುದಿಲ್ಲ.

ಉತ್ತರ – ಚಿತ್ರದುರ್ಗದಿಂದ, ನಿವೃತ್ತ ಅಧ್ಯಾಪಕಿ

ಬೇರೆ ನಾಡಿನವರ ರೂಢಿಯನ್ನು ಕೇಳಿದ್ದೀರಿ. ಹತ್ತಿರದ ಉದಾಹರಣೆ ಪುರಿಯ ಜಗನ್ನಾಥನದು. ಅಧಿಕ ಆಷಾಢ ಬಂದ ವರ್ಷದಲ್ಲಿ ಅಲ್ಲಿ ಬೇವಿನ ಮರದಿಂದ ಹೊಸ ಮೂರ್ತಿಗಳನ್ನು ಕೆತ್ತಿ, ಹಳೆಯವನ್ನು ದೇವಾಲಯದ ಆವರಣದ ಕೊಯಿಲಿ ವೈಕುಂಠದಲ್ಲಿ ಹೂಳುತ್ತಾರೆ. ದೈತಾಪತಿ ಸೇವಕರು ಮನೆಯವರನ್ನು ಕಳೆದುಕೊಂಡವರಂತೆ ಸೂತಕ ಆಚರಿಸುತ್ತಾರೆ. 1996ರಲ್ಲಿಯೂ 2015ರಲ್ಲಿಯೂ ಹೀಗೆ ನಡೆಯಿತು. ನ್ಯೂಗಿನಿಯ ಅಸ್ಮತ್ ಜನ ಸತ್ತ ಹಿರಿಯರ ನೆನಪಿಗೆ ಕೆತ್ತುವ ಬಿಸ್ ಕಂಬಗಳನ್ನು ಆಚರಣೆ ಮುಗಿದ ಮೇಲೆ ಸಾಗೋ ತೋಪಿನಲ್ಲಿ ಬಿಟ್ಟುಬಿಡುತ್ತಾರೆ. ಕಂಬ ಕೊಳೆತಂತೆ ಅದರ ಶಕ್ತಿ ತಮಗೆ ಅನ್ನ ಕೊಡುವ ಸಾಗೋ ಮರಗಳಿಗೆ ಸೇರುತ್ತದೆಂಬುದು ಅವರ ನಂಬಿಕೆ.

ನನ್ನ ಮನಸ್ಸನ್ನು ಹೆಚ್ಚು ತಟ್ಟಿದ್ದು ಕೆನಡಾದ ಹೈಸ್ಲಾ ಜನರ ಕಂಬದ ಕಥೆ. 1872ರಲ್ಲಿ ಅವರು ನಿಲ್ಲಿಸಿದ್ದ, ಸುಮಾರು ಒಂಬತ್ತು ಮೀಟರ್ ಎತ್ತರದ ಗ್ಪ್ಸ್‌ಗೊಲೋಕ್ಸ್ ಸ್ತಂಭವನ್ನು 1929ರಲ್ಲಿ ಅವರ ಒಪ್ಪಿಗೆಯಿಲ್ಲದೆ ಕಡಿದು ಸ್ವೀಡನ್ನಿಗೆ ಸಾಗಿಸಲಾಯಿತು. ಅದು ಸ್ಟಾಕ್‌ಹೋಮಿನ ವಸ್ತುಸಂಗ್ರಹಾಲಯದಲ್ಲಿರುವುದು ತಿಳಿದ ಮೇಲೆ ಹೈಸ್ಲಾ ಜನ ಬಹಳ ವರ್ಷ ಕೇಳಿ, ತಾವೇ ಅದರ ಪ್ರತಿರೂಪವನ್ನು ಕೆತ್ತಿ ಕೊಟ್ಟು, 2006ರಲ್ಲಿ ಮೂಲ ಕಂಬವನ್ನು ಮರಳಿ ಪಡೆದರು. ಕಂಬ ಹಳೆಯದಾಗಿ ಬಿದ್ದು ಮಣ್ಣಿಗೆ ಸೇರಬೇಕೆಂಬುದು ಅವರ ಪದ್ಧತಿ. ಗಾಜಿನ ಕೋಣೆಯಲ್ಲಿ ಅದನ್ನು ಕಾಯಬೇಕೆಂಬುದು ಸಂಗ್ರಹಾಲಯದವರ ಆಸೆ. ನಮ್ಮ ಉಡುಪಿ ಕಡೆಯ ಮೆಕ್ಕೆಕಟ್ಟಿನಲ್ಲಿ ಹೊಸ ಭೂತಮೂರ್ತಿಗಳು ಬಂದ ಮೇಲೆ ಹಳೆಯ ಮೂರ್ತಿಗಳಲ್ಲಿ ಹಲವು ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯ ಸೇರಿ ಉಳಿದುಕೊಂಡಿವೆ. ಹೂಳುವುದು, ಉಳಿಸುವುದು, ಎರಡೂ ಗೌರವದ ದಾರಿಗಳೇ. ಆದರೆ ಯಾವ ದಾರಿಯೆಂಬುದನ್ನು ಪೂಜಿಸುವ ಜನ ಕೂತು ತೀರ್ಮಾನಿಸಬೇಕು. ಮಾರುವವನ ಕೈಗೆ ಆ ತೀರ್ಮಾನ ಹೋಗಬಾರದು.

ಉತ್ತರ – ಹಿರಿಯೂರಿನಿಂದ, ವಕೀಲರು

ವ್ಯಾಪಾರಿಯ ವಿಷಯದಲ್ಲಿ ಎಚ್ಚರ ವಹಿಸಿ. ನೂರು ವರ್ಷ ದಾಟಿದ ಮೂರ್ತಿ 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಅಂತಹ ವಸ್ತುಗಳ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಅವನ್ನು ವಿದೇಶಕ್ಕೆ ಕಳುಹಿಸುವಂತಿಲ್ಲ. ಎಲ್ಲ ಬದಿಯಿಂದಲೂ ಫೋಟೊ ತೆಗೆದು, ಅಳತೆ ಬರೆದು, ಪಂಚಾಯಿತಿಯವರ ಸಹಿ ಹಾಕಿಸಿ ಇಟ್ಟುಕೊಳ್ಳಿ. ಹುಳುವಿನ ಚಿಕಿತ್ಸೆಗೆ ಸಲಹೆ ಬೇಕಿದ್ದರೆ, ಲಖನೌದಲ್ಲಿ ಕೇಂದ್ರ ಕಚೇರಿಯಿರುವ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಶಾಖೆ ಮೈಸೂರಿನಲ್ಲಿದೆ.

ಪ್ರಶ್ನೆ ಕೇಳಿದವರು

ಮೂವರಿಗೂ ಊರಿನವರ ಪರವಾಗಿ ವಂದನೆಗಳು. ಆಚಾರ್ಯರೇ, ಒಂದು ವೇಳೆ ಹೊಸ ಮೂರ್ತಿಯನ್ನೇ ಮಾಡಿಸುವುದೆಂದು ಸಭೆ ಒಪ್ಪಿದರೆ, ಈ ಜಾತ್ರೆಯೊಳಗೆ ಕೆತ್ತಿ ಮುಗಿಸಲು ಸಾಧ್ಯವೇ?

ಉತ್ತರ – ದಾವಣಗೆರೆಯಿಂದ

ಹಸಿಮರದಲ್ಲಿ ಕೆತ್ತಿದರೆ ಸಾಧ್ಯ, ಆದರೆ ಈಗ ಕಂಡ ಸೀಳೇ ಮತ್ತೆ ಬರುತ್ತದೆ. ಹಲಸಿನ ಹಲಗೆಯನ್ನು ನೆರಳಿನಲ್ಲಿ ಗಾಳಿಗೆ ಒಣಗಿಸಲು ಅಂಗುಲದ ದಪ್ಪಕ್ಕೆ ಸುಮಾರು ಒಂದು ವರ್ಷ ಲೆಕ್ಕ ಹಿಡಿಯುತ್ತೇವೆ. ದಿಮ್ಮಿಯಾದರೆ ಇನ್ನೂ ನಿಧಾನ. ಹಾಗಾಗಿ ಈ ಜಾತ್ರೆಯನ್ನು ಗೂಟ ಬದಲಿಸಿದ ಹಳೆಯ ಮೂರ್ತಿಯಲ್ಲಿಯೇ ನಡೆಸಿ. ಹೊಸದು ಬೇಕೆಂದಾದರೆ ಮರವನ್ನು ಈಗಲೇ ಆರಿಸಿ, ತಿರುಳು ಬಿಟ್ಟು ಸೀಳಿಸಿ, ಎರಡೂ ತುದಿಗಳಿಗೆ ಮೇಣ ಸವರಿ ಗುಡಿಯ ಪಡಸಾಲೆಯಲ್ಲಿ ಎತ್ತರಕ್ಕೆ ಜೋಡಿಸಿಡಿ. ಕೆತ್ತನೆಯ ಮಾತನ್ನು ಅದು ಒಣಗಿದ ಮೇಲೆ ಆಡೋಣ.