ಪ್ರಶ್ನೋತ್ತರ: ಕೆಲಸಗಾರರು ಕಲಿತರೆ ಹೊಗೆ ಕಡಿಮೆಯಾಗುತ್ತದಾ?

ಪ್ರಶ್ನೆ: ನಾನು ಎಂ.ಎ. ಅರ್ಥಶಾಸ್ತ್ರದ ವಿದ್ಯಾರ್ಥಿ. ದೇಶ ಬೆಳೆಯುವಾಗ ಮಾಲಿನ್ಯ ಮೊದಲು ಏರಿ ಆಮೇಲೆ ಇಳಿಯುತ್ತದೆ ಅನ್ನುತ್ತದೆ ಕುಜ್ನೆಟ್ಸ್ ರೇಖೆ. ಜನ ಜಾಸ್ತಿ ಓದಿದರೆ ಆ ಇಳಿತ ಬೇಗ ಬರುತ್ತದಾ? ಇಂಧನ ಕ್ಷೇತ್ರದವರು ಯಾರಾದರೂ ಹೇಳಿ.

ಉತ್ತರ (ಎನರ್ಜಿ ಆಡಿಟರ್): ಆ ರೇಖೆಯನ್ನು ಸ್ವಲ್ಪ ಅನುಮಾನದಿಂದಲೇ ನೋಡಿ. 1990ರ ದಶಕದಲ್ಲಿ ಗ್ರಾಸ್‌ಮನ್ ಮತ್ತು ಕ್ರೂಗರ್ ಅನ್ನುವ ಅರ್ಥಶಾಸ್ತ್ರಜ್ಞರು ಅದನ್ನು ತೋರಿಸಿದ್ದು ಗಂಧಕದ ಡೈಆಕ್ಸೈಡ್‌ನಂಥ, ಊರಿನವರಿಗೆ ಕೂಡಲೇ ಕೆಮ್ಮು ತರಿಸುವ ಮಾಲಿನ್ಯದಲ್ಲಿ. ಇಂಗಾಲದ ಡೈಆಕ್ಸೈಡ್ ಅಷ್ಟು ಸುಲಭವಾಗಿ ಇಳಿಯುವುದಿಲ್ಲ. ಓದಿದವರ ಸಂಬಳ ಏರಿದರೆ ಮನೆಗೆ ಎಸಿ, ಕಾರು ಬರುತ್ತವೆ, ಅಲ್ವಾ? ಹಾಗಾಗಿ ಎಷ್ಟು ವರ್ಷ ಶಾಲೆಗೆ ಹೋದರು ಅನ್ನುವುದಕ್ಕಿಂತ ಬೆಂಕಿಯ ಮುಂದೆ ನಿಂತವರಿಗೆ ಏನು ಗೊತ್ತು ಅನ್ನುವುದನ್ನೇ ನಾನು ಮೊದಲು ಕೇಳುತ್ತೇನೆ.

ಬಾಂಗ್ಲಾದೇಶದ ಇಟ್ಟಿಗೆ ಗೂಡುಗಳನ್ನೇ ತಗೊಳ್ಳಿ. ಅಲ್ಲಿ ಬಹಳಷ್ಟು ಗೂಡುಗಳು ಬಿಸಿಗಾಳಿ ಅಂಕುಡೊಂಕಾಗಿ ಹರಿಯುವ ಜಿಗ್‌ಜ್ಯಾಗ್ ವಿನ್ಯಾಸಕ್ಕೆ ಬದಲಾದವು, ಉರಿಸುವ ರೀತಿ ಮಾತ್ರ ಹಳೆಯದೇ. ಒಮ್ಮೆಲೇ ರಾಶಿ ಕಲ್ಲಿದ್ದಲು ಸುರಿದು, ಸ್ವಲ್ಪ ಹೊತ್ತು ಸುಮ್ನೆ ಬಿಟ್ಟು, ಮತ್ತೆ ಸುರಿಯುವುದು. ಗಾಳಿ ಸಾಲದೆ ಅದು ಅರೆಬರೆ ಉರಿದು ಚಿಮಣಿಯಲ್ಲಿ ಕರಿಹೊಗೆ ಏಳುತ್ತಿತ್ತು. 2022-23ರ ಹಂಗಾಮಿನಲ್ಲಿ ಸಂಶೋಧಕರು 276 ಗೂಡುಗಳನ್ನು ಆರಿಸಿ, ಅವುಗಳಲ್ಲಿ ಕೆಲವಕ್ಕೆ ತರಬೇತಿ ಕೊಟ್ಟರು. ಒಬ್ಬನೇ ಆಳು ಸ್ವಲ್ಪ ಸ್ವಲ್ಪವೇ ಬಿಡದೆ ಕಲ್ಲಿದ್ದಲು ಹಾಕಬೇಕು. ಗಾಳಿ ಸುತ್ತಿ ಬಳಸಿ ಹೋಗುವಂತೆ ಹಸಿ ಇಟ್ಟಿಗೆ ಜೋಡಿಸಬೇಕು. ಶಾಖ ಸೋರದಂತೆ ಮೇಲೆ ಬೂದಿ ದಪ್ಪಗೆ ಹರಡಬೇಕು. ದುಬಾರಿ ಯಂತ್ರ ಒಂದೂ ಇಲ್ಲ. ತರಬೇತಿ ಸಿಕ್ಕವರಲ್ಲಿ 65% ಗೂಡುಗಳು ಇದನ್ನು ಅಳವಡಿಸಿಕೊಂಡವು. ಅಂಥ ಕಡೆ ಇಂಧನ ಬಳಕೆ 23% ಇಳಿಯಿತು. ಇಂಗಾಲದ ಡೈಆಕ್ಸೈಡ್ ಮತ್ತು ಪಿಎಂ 2.5 ಅನ್ನುವ, ಉಸಿರಲ್ಲಿ ಒಳಗೆ ಇಳಿಯುವ ಸಣ್ಣ ಕಣಗಳು ತಲಾ 20% ಕಡಿಮೆಯಾದವು.

ಮರುಪ್ರಶ್ನೆ: ಮಾಲೀಕರು ಹೇಗೆ ಒಪ್ಪಿದರು? ದಂಡದ ಹೆದರಿಕೆಯಾ?

ಉತ್ತರ: ದಂಡ ಅಲ್ಲ, ಕಲ್ಲಿದ್ದಲಿನ ಖರ್ಚು! ಅದು ಇಳಿಯಿತು, ಮೊದಲ ದರ್ಜೆಯ ಇಟ್ಟಿಗೆಯೂ ಜಾಸ್ತಿ ಬಂತು. ಹಾಗಂತ ಸಮಸ್ಯೆ ಮುಗಿಯಲಿಲ್ಲ. ಉರಿಯುವುದು ಇನ್ನೂ ಕಲ್ಲಿದ್ದಲೇ. ಆಳುಗಳು ಹಂಗಾಮಿಗೆ ಬಂದು ಹೋಗುವವರು, ಕಲಿತದ್ದು ಅವರ ಜೊತೆಗೇ ಹೋಗುತ್ತದೆ. ಮುಂದಿನ ವರ್ಷ ಪಕ್ಕದ ಗೂಡಿಗೆ ಹೋಗುವವನಿಗೆ ಕಲಿಸಲು ಯಾವ ಮಾಲೀಕ ದುಡ್ಡು ಹಾಕುತ್ತಾನೆ? ಆ ಖರ್ಚನ್ನು ಸರ್ಕಾರವೇ ಹೊರಬೇಕು ಅಂತ ನನ್ನ ವಾದ.

ಪ್ರಬಂಧ ಬರೆಯುವುದಾದರೆ ಶಾಲಾ ವರ್ಷಗಳ ಅಂಕಿಯನ್ನು ಮಾತ್ರ ನೆಚ್ಚಿಕೊಳ್ಳಬೇಡಿ. ನಮ್ಮ ಕೇಂದ್ರ ಸರ್ಕಾರ ಉದ್ಯೋಗದ ಬಗ್ಗೆ ನಡೆಸುವ ಪಿಎಲ್ಎಫ್ಎಸ್ ಸಮೀಕ್ಷೆಯಲ್ಲಿ ವೃತ್ತಿ ತರಬೇತಿಯ ಮಾಹಿತಿ ಬೇರೆಯಾಗಿಯೇ ಸಿಗುತ್ತದೆ, ಅದನ್ನೂ ಸೇರಿಸಿ. ಗಂಧಕ ಮತ್ತು ಇಂಗಾಲವನ್ನು ಒಂದೇ ಮಾದರಿಯಲ್ಲಿ ಕಲಸಬೇಡಿ.