ರೀಸ್ಟೋರ್ ಮಾಡಿದ 1973ರ ಎಲ್ಸಿನೋರ್: ಫ್ರೇಮ್ ನಂಬರು, ಎಂಜಿನ್ ನಂಬರು ಬೇರೆ ಬೇರೆ. ತಗೊಳ್ಳಬಹುದಾ?

ಹಸಿರುಟ್ಯಾಂಕ್:

ಎಲ್ಲರಿಗೂ ನಮಸ್ಕಾರ. ಹೋಂಡಾದ ಹಳೇ ಮೋಟೋಕ್ರಾಸ್ (ಮಣ್ಣಿನ ಟ್ರ್ಯಾಕಿನ ರೇಸ್) ಬೈಕ್ ಸಿಆರ್250ಎಂ ಎಲ್ಸಿನೋರ್ ಒಂದು ಮಾರಾಟಕ್ಕೆ ಬಂದಿದೆ. 1973ರ ಮಾಡೆಲ್, ಪೂರ್ತಿ ರೀಸ್ಟೋರ್ ಆಗಿದೆ ಅಂತ ಮಾರುವವರು ಹೇಳುತ್ತಿದ್ದಾರೆ. ಫೋಟೋದಲ್ಲಿ ಒಂದು ಗೀರೂ ಕಾಣುವುದಿಲ್ಲ. ಬಹಳ ದಿನದಿಂದ ಈ ಬೈಕಿನ ಮೇಲೆ ಆಸೆ, ಅದಕ್ಕೇ ದುಡುಕಬಾರದು ಅಂತ ಇಲ್ಲಿ ಕೇಳುತ್ತಿದ್ದೇನೆ.

ಗೊಂದಲ ಶುರುವಾಗಿದ್ದು ನಂಬರಿನಿಂದ. ಫ್ರೇಮಿನ ಮೇಲೆ ಇರುವ ನಂಬರು ಎಂಜಿನ್ ಮೇಲೆ ಇಲ್ಲ. ಎಂಜಿನ್ ಬದಲಾಗಿದೆ, ಅರ್ಧ ಬೆಲೆಯೂ ಬಾಳುವುದಿಲ್ಲ ಅಂತ ಸ್ನೇಹಿತರು ಹೇಳಿದರು. ಹೋಂಡಾದಲ್ಲಿ ಹಾಗೇ ಇರುತ್ತದೆ ಅಂತ ಮಾರುವವರ ಮಾತು. ಯಾರನ್ನು ನಂಬಲಿ?

ಇನ್ನೊಂದು ವಿಷಯ. ಫ್ರೇಮಿಗೆ ಪೌಡರ್ ಕೋಟಿಂಗ್ ಆಗಿದೆ, ಬೋಲ್ಟೆಲ್ಲಾ ಹೊಸ ಸ್ಟೇನ್‌ಲೆಸ್. ಅದಕ್ಕೆ ಜಾಸ್ತಿ ಕೊಡಬೇಕಾ, ಕಮ್ಮಿ ಕೊಡಬೇಕಾ? ಹಿಂದೆ ಇದು ಫ್ಯಾಕ್ಟರಿ ರೇಸ್ ಬೈಕ್ ಆಗಿತ್ತು ಅಂತ ಬೇರೆ ಹೇಳುತ್ತಿದ್ದಾರೆ.

ಕಿಕ್‌ಸ್ಟಾರ್ಟರ್:

ನಂಬರಿನ ಅಂಕಿಗಿಂತ ಮೊದಲು ಬರುವ ಅಕ್ಷರ ಏನಿದೆ? ಎರಡೂ ಕಡೆಯ ನಂಬರನ್ನು ಹತ್ತಿರದಿಂದ, ಪಕ್ಕದಿಂದ ಟಾರ್ಚ್ ಬೆಳಕು ಬೀಳಿಸಿ ಫೋಟೋ ತೆಗೆದು ಕಳಿಸೋಕೆ ಹೇಳಿ. ಅದು ಬರುವ ತನಕ ಅಡ್ವಾನ್ಸ್ ಕೊಡಬೇಡಿ.

ಹಳೇಪಿಸ್ಟನ್:

ಈ ವಿಷಯದಲ್ಲಿ ಮಾರುವವರು ಹೇಳಿದ್ದು ಸರಿ. ಆ ಕಾಲದ ಹೋಂಡಾದಲ್ಲಿ ಫ್ರೇಮಿಗೂ ಎಂಜಿನ್ನಿಗೂ ಒಂದೇ ನಂಬರು ಹಾಕುತ್ತಿರಲಿಲ್ಲ. ಸುಜುಕಿ, ಕವಾಸಾಕಿಯೂ ಅಷ್ಟೇ. 70ರ ದಶಕದ ಯಮಹಾದಲ್ಲಿ ಸಾಮಾನ್ಯವಾಗಿ ಎರಡೂ ಒಂದೇ ಇರುತ್ತವೆ, ಸ್ಪೇನಿನ ಬುಲ್ಟಾಕೋದಲ್ಲೂ ಹಾಗೇ. ಹಾಗಾಗಿ ‘ಮ್ಯಾಚಿಂಗ್ ನಂಬರ್’ (ಎರಡೂ ನಂಬರು ಒಂದೇ) ಎನ್ನುವ ಮಾತು ಯಾವ ಕಂಪನಿಯ ಬೈಕಿನ ಬಗ್ಗೆ ಅಂತ ಮೊದಲು ನೋಡಬೇಕು. ಎಲ್ಸಿನೋರಿನಲ್ಲಿ ಎರಡೂ ಕಡೆ ಅಕ್ಷರಶಃ ಒಂದೇ ನಂಬರು ಸಿಕ್ಕರೆ ನಾನಂತೂ ಇನ್ನೂ ಜಾಸ್ತಿ ಅನುಮಾನ ಪಡುತ್ತೇನೆ. ಯಾರೋ ಆಮೇಲೆ ಹೊಡೆದದ್ದು ಅಂತಲೇ ಅರ್ಥ.

ನೀವು ನೋಡಬೇಕಾದದ್ದು ಅಂಕಿಗಿಂತ ಮೊದಲು ಬರುವ ಅಕ್ಷರ. ಫ್ರೇಮಿನ ಮೇಲೆ ಸಿಆರ್250ಎಂ ಅಂತ ಇದ್ದರೆ, ಎಂಜಿನ್ ಮೇಲೆ ಕೊನೆಗೊಂದು ‘ಇ’ ಸೇರಿ ಸಿಆರ್250ಎಂಇ ಅಂತ ಇರಬೇಕು.

ಇನ್ನು ಹೊಡೆದಿರುವ ರೀತಿ. ಫ್ರೇಮ್ ನಂಬರು ಹ್ಯಾಂಡಲ್ ತಿರುಗುವ ಕೊಳವೆ, ಅಂದರೆ ಸ್ಟೀರಿಂಗ್ ಹೆಡ್ ಮೇಲಿರುತ್ತದೆ, ಎಂಜಿನ್ನಿನದು ಅದರ ಕೆಳಭಾಗದ ಲೋಹದ ಪೆಟ್ಟಿಗೆ, ಅಂದರೆ ಕ್ರ್ಯಾಂಕ್‌ಕೇಸ್ ಮೇಲೆ. ಟಾರ್ಚನ್ನು ಲೋಹಕ್ಕೆ ಬಹುತೇಕ ತಾಗುವ ಹಾಗೆ ಅಡ್ಡ ಹಿಡಿದು ನೋಡಿ. ಕಾರ್ಖಾನೆಯಲ್ಲಿ ಹೊಡೆದ ಅಂಕಿಗಳ ಆಳದಲ್ಲಿ, ಗಾತ್ರದಲ್ಲಿ ಒಂದು ಹೊಂದಾಣಿಕೆ ಇರುತ್ತದೆ. ಸುತ್ತಿಗೆಯಲ್ಲಿ ಒಂದೊಂದಾಗಿ ಹೊಡೆದದ್ದರಲ್ಲಿ ಒಂದು ಅಂಕಿ ವಾಲಿರುತ್ತದೆ, ಇನ್ನೊಂದರ ಒಂದು ಬದಿ ಮಾತ್ರ ಆಳಕ್ಕೆ ಇಳಿದಿರುತ್ತದೆ. ಅಂಕಿಗಳ ಕೆಳಗಿನ ಜಾಗ ಸುತ್ತಲಿಗಿಂತ ತಗ್ಗಾಗಿದ್ದರೆ, ಅಥವಾ ಅಲ್ಲಿ ಮಾತ್ರ ಒಂದೇ ದಿಕ್ಕಿನ ಸಣ್ಣ ಗೆರೆಗಳಿದ್ದರೆ ಹಳೇ ನಂಬರನ್ನು ಉಜ್ಜಿ ತೆಗೆದಿದ್ದಾರೆ. ಸ್ಕೇಲ್ ಹಿಡಿದು ಅಳೆಯುತ್ತಾ ಕೂರುವುದಕ್ಕಿಂತ, ಅದೇ ಮಾಡೆಲಿನ ರೀಸ್ಟೋರ್ ಆಗದ ಬೈಕಿನ ಫೋಟೋ ಪಕ್ಕಕ್ಕಿಟ್ಟು ಅಂಕಿಗಳ ಆಕಾರ ಹೋಲಿಸಿ. 3, 4, 7, 9ರ ತಿರುವುಗಳಲ್ಲಿ ವ್ಯತ್ಯಾಸ ಬೇಗ ಕಾಣುತ್ತದೆ.

ಪೌಡರ್ ಕೋಟಿಂಗ್ ಬಗ್ಗೆ ನನಗೆ ಬೇಜಾರಿರುವುದು ಇಲ್ಲೇ. ಅದು ದಪ್ಪ. ನಂಬರಿನ ಗುಣಿಗಳನ್ನು ತುಂಬಿಬಿಡುತ್ತದೆ, ಗ್ರೈಂಡರ್ ಗೆರೆಯನ್ನೂ ವೆಲ್ಡಿಂಗ್ ಮಾಡಿದ ಬಿರುಕನ್ನೂ ಮುಚ್ಚಿಹಾಕುತ್ತದೆ. ಕಾರ್ಖಾನೆಯಿಂದ ಬಂದಾಗ ಈ ಫ್ರೇಮಿಗೆ ಇದ್ದದ್ದು ಪೇಂಟ್. ಬೈಕ್ ಓಡಿಸುವವರಿಗೆ ಪೌಡರ್ ಕೋಟಿಂಗ್ ಗಟ್ಟಿ, ಅನುಕೂಲ, ತಪ್ಪೇನಿಲ್ಲ. ಆದರೆ ‘ಕಾರ್ಖಾನೆಯಿಂದ ಬಂದ ಹಾಗೇ ಇದೆ’ ಅಂತ ಬೆಲೆ ಕೇಳುವಾಗ ಅದು ಮೈನಸ್.

ಬೋಲ್ಟ್ ವಿಷಯವೂ ಹಾಗೇ. ಎಂಜಿನ್ ಸೈಡ್ ಕವರಿನ ಸ್ಕ್ರೂ ನೋಡಿ. ಜೆಐಎಸ್ (ಜಪಾನಿನ ಕೈಗಾರಿಕಾ ಮಾನದಂಡ) ಸ್ಕ್ರೂ ತಲೆಯ ಮೇಲೆ ಪ್ಲಸ್ ಗುರುತಿನ ಪಕ್ಕ ಸಣ್ಣದೊಂದು ಚುಕ್ಕಿ ಗುಣಿ ಇರುತ್ತದೆ. ಆ ಜಾಗದಲ್ಲಿ ಹೊಳೆಯುವ ಸ್ಟೇನ್‌ಲೆಸ್ ಅಲೆನ್ ಬೋಲ್ಟ್ ಕೂತಿದ್ದರೆ, ರೀಸ್ಟೋರ್ ಮಾಡಿದವರಿಗೆ ಹಳೆಯದನ್ನು ಉಳಿಸುವ ಹಟ ಇರಲಿಲ್ಲ ಅಂತ ಗೊತ್ತಾಗುತ್ತದೆ. ಹಳೇ ಬೋಲ್ಟುಗಳಿಗೆ ಜಿಂಕ್ ಅಥವಾ ಕ್ಯಾಡ್ಮಿಯಂ ಪ್ಲೇಟಿಂಗ್ ಇರುತ್ತಿತ್ತು. ಕನ್ನಡಿಯಂಥ ಕ್ರೋಮ್ ಅಲ್ಲ. ಬೋಲ್ಟ್ ಸಣ್ಣ ವಸ್ತು, ಮತ್ತೆ ಬದಲಾಯಿಸಬಹುದು. ಆದರೆ ಅಷ್ಟರಲ್ಲೇ ಅಸಡ್ಡೆ ಮಾಡಿದವರು ಕಣ್ಣಿಗೆ ಕಾಣದ ಕ್ರ್ಯಾಂಕ್ ಸೀಲಿಗೆ ಎಷ್ಟು ಗಮನ ಕೊಟ್ಟಿರಬಹುದು ಅಂತ ನಾನು ಯೋಚಿಸುತ್ತೇನೆ.

ಟ್ಯಾಂಕ್ ಚೆನ್ನಾಗಿ ನೋಡಿ. ಈ ಬೈಕಿನ ಬೆಲೆಯ ದೊಡ್ಡ ಪಾಲು ಅಲ್ಲೇ ಇದೆ. ಸಿಆರ್250ಎಂ ಟ್ಯಾಂಕ್ ಅಲ್ಯೂಮಿನಿಯಂ. ಸಣ್ಣ ಆಯಸ್ಕಾಂತ ಹಿಡಿದರೆ ಅಂಟಬಾರದು. ಅಂಟಿದರೆ ಕಬ್ಬಿಣದ ಟ್ಯಾಂಕಿಗೆ ಬೆಳ್ಳಿ ಬಣ್ಣ ಬಳಿದಿದ್ದಾರೆ. ಅಂಟಲಿಲ್ಲ ಅಂತ ಅಲ್ಲಿಗೇ ಬಿಡಬೇಡಿ. ಪೆಟ್ರೋಲ್ ಖಾಲಿ ಮಾಡಿಸಿ, ಮುಚ್ಚಳ ತೆಗೆದು, ಒಳಗೆ ಸಣ್ಣ ಎಲ್‌ಇಡಿ ಇಳಿಸಿ ನೋಡಿ. ಹೊರಗೆ ನುಣುಪಾಗಿದ್ದು ಒಳಗೆ ಉಬ್ಬು ಕಂಡರೆ ತಗ್ಗನ್ನು ಪುಟ್ಟಿಯಲ್ಲಿ ತುಂಬಿದ್ದಾರೆ. ಒಳಗೋಡೆಗೆ ಪ್ಲಾಸ್ಟಿಕ್ ಹಾಗೆ ಪದರ ಅಂಟಿದ್ದರೆ ಎಲ್ಲೋ ಸೋರುತ್ತಿತ್ತು, ಸೀಲರ್ ಸುರಿದಿದ್ದಾರೆ.

ಫ್ಯಾಕ್ಟರಿ ಬೈಕ್ ಎನ್ನುವ ಮಾತಿಗೆ ಕಾಗದ ಇಲ್ಲದೆ ಒಂದು ಪೈಸೆಯನ್ನೂ ಸೇರಿಸಬೇಡಿ. 1973ರಲ್ಲಿ ಗ್ಯಾರಿ ಜೋನ್ಸ್ ಹೋಂಡಾ ಓಡಿಸಿ ಅಮೆರಿಕದ ಮೋಟಾರ್‌ಸೈಕಲ್ ಸಂಘ ಎಎಂಎ ನಡೆಸುವ 250 ಸಿಸಿ ಮೋಟೋಕ್ರಾಸ್ ಚಾಂಪಿಯನ್ ಆದರು. ಆ ಹೆಸರಿನ ನೆರಳು ಎಷ್ಟೋ ಎಲ್ಸಿನೋರುಗಳ ಮೇಲೆ ಬಿದ್ದಿದೆ. ರೇಸ್ ಬೈಕ್ ಮಾರಾಟದ ಮಾಡೆಲನ್ನೇ ಆಧರಿಸಿರಬೇಕು ಎನ್ನುವ ಪ್ರೊಡಕ್ಷನ್ ನಿಯಮವನ್ನು ಎಎಂಎ 1986ರಲ್ಲಿ ತರುವವರೆಗೂ, ಕಂಪನಿಗಳು ತಮ್ಮ ರೇಸ್ ತಂಡಕ್ಕೆ ಅಂತಲೇ ಮಾಡಿದ ವರ್ಕ್ಸ್ ಬೈಕಿಗೂ ಅಂಗಡಿಯಲ್ಲಿ ಮಾರುವ ಬೈಕಿಗೂ ಬಹಳ ದೂರ ಇರಬಹುದಿತ್ತು. ಮರಳಿನ ಅಚ್ಚಿನಲ್ಲಿ ಎರಕ ಹೊಯ್ದ ಭಾಗಗಳು, ಮೆಗ್ನೀಸಿಯಂ ಹಬ್, ಟೈಟಾನಿಯಂ ಬೋಲ್ಟ್, ಇಂಥವು. ಅಂಥದ್ದು ಇದ್ದರೂ ಸಾಲದು, ಬಿಡಿಯಾಗಿ ತಂದು ಹಾಕಿರಬಹುದು. ಅಂದಿನ ಫೋಟೋದಲ್ಲಿರುವ ಒಂದು ವೆಲ್ಡ್ ಗುರುತೋ, ಎರಕದ ಕಲೆಯೋ ಇವತ್ತಿನ ಬೈಕಿನಲ್ಲಿ ಅದೇ ಜಾಗದಲ್ಲಿ ಇರಬೇಕು. ಯಾರ ಕೈಯಿಂದ ಯಾರ ಕೈಗೆ ಬಂತು ಅನ್ನುವುದು ಮಧ್ಯೆ ತುಂಡಾಗದೆ ಕಾಗದದಲ್ಲಿ ಸಿಗಬೇಕು.

ಹಸಿರುಟ್ಯಾಂಕ್:

ಇಷ್ಟು ವಿವರವಾಗಿ ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್ ಸರ್. ಹೋಗಿ ನೋಡಿಕೊಂಡು ಬಂದೆ. ಟ್ಯಾಂಕಿಗೆ ಆಯಸ್ಕಾಂತ ಅಂಟಲಿಲ್ಲ. ಒಳಗೆ ಬಲಗಡೆ ಸಣ್ಣ ಉಬ್ಬು ಒಂದಿದೆ, ಸೀಲರ್ ಇಲ್ಲ. ಫ್ರೇಮ್ ನಂಬರು ಸಿಆರ್250ಎಂ, ಅಂಕಿಗಳು ಒಂದೇ ಸಾಲಿನಲ್ಲಿ, ಒಂದೇ ಆಳದಲ್ಲಿ ಇವೆ.

ಆದರೆ ಎಂಜಿನ್ ಮೇಲೆ ಇರುವುದು ಎಂಟಿ250ಇ. ಮಾರುವವರಿಗೂ ಅದು ಗೊತ್ತಿರಲಿಲ್ಲ, ಹತ್ತು ವರ್ಷದ ಹಿಂದೆ ಹೀಗೇ ತಗೊಂಡಿದ್ದಂತೆ. ಏನು ಇದು?

ಕಿಕ್‌ಸ್ಟಾರ್ಟರ್:

ಹಾಗಾದರೆ ಎಂಜಿನ್ ಬೇರೆ ಬೈಕಿನದು. ಎಂಟಿ250 ಅಂದರೆ ಎಲ್ಸಿನೋರ್ ಹೆಸರಲ್ಲೇ ಹೋಂಡಾ ಮಾರಿದ ಲೈಟು, ಇಂಡಿಕೇಟರ್ ಇರುವ ಬೈಕ್. ರಸ್ತೆಗೂ ಕಾಡುದಾರಿಗೂ ಅಂತ ಮಾಡಿದ್ದು.

ಹಳೇಪಿಸ್ಟನ್:

ಹೌದು. ಇದು ಮೋಸ ಅಂತಲೇ ಅಂದುಕೊಳ್ಳಬೇಡಿ. ಮೋಟೋಕ್ರಾಸ್ ಬೈಕುಗಳು ವಾರವಾರ ರೇಸಿನಲ್ಲಿ ನಲುಗಿದವು. ಚೈನ್ ತುಂಡಾಗಿ ಕ್ರ್ಯಾಂಕ್‌ಕೇಸ್ ಒಡೆದರೆ ಕೈಗೆ ಸಿಕ್ಕ ಎಂಜಿನ್ ಹಾಕಿ ಮುಂದಿನ ರೇಸಿಗೆ ಹೋಗುತ್ತಿದ್ದರು. ಕಂಪನಿಯಿಂದ ತರಿಸಿದ ಬದಲಿ ಕ್ರ್ಯಾಂಕ್‌ಕೇಸಿನ ಮೇಲೆ ಕೆಲವೊಮ್ಮೆ ನಂಬರೇ ಇರುವುದಿಲ್ಲ, ಅದಕ್ಕೂ ಹೀಗೇ ನ್ಯಾಯವಾದ ಕಾರಣ ಇರುತ್ತದೆ. ಹಳೇ ಬಿಲ್ ಇದ್ದರೆ ಅದರ ಬೆಲೆ ಅಲ್ಲಿ ಗೊತ್ತಾಗುತ್ತದೆ.

ಈಗ ತಿಳಿಯಬೇಕಾದದ್ದು, ಬದಲಾಗಿರುವುದು ಕ್ರ್ಯಾಂಕ್‌ಕೇಸ್ ಮಾತ್ರವೋ ಪೂರ್ತಿ ಎಂಜಿನ್ನೋ ಅಂತ. ಎಡಗಡೆ ಕವರ್ ತೆಗೆಸಿ. ಸಿಆರ್‌ಗೆ ಲೈಟ್ ಇಲ್ಲ. ಒಳಗೆ ಲೈಟಿನ ಕಾಯಿಲ್ ಇರುವ ಭಾರದ ಫ್ಲೈವೀಲ್ ಕಂಡರೆ ಅದೂ ಎಂಟಿಯಿಂದಲೇ ಬಂದಿದೆ. ಆಮೇಲೆ ಸಿಲಿಂಡರ್, ಹೆಡ್, ಕಾರ್ಬುರೇಟರ್ ಒಂದೊಂದನ್ನೂ ಬಿಡಿಭಾಗಗಳ ಪುಸ್ತಕದ ಚಿತ್ರದ ಜೊತೆ ಹೋಲಿಸಿ.

ಬೆಲೆ ಕಟ್ಟುವಾಗ ನಾನು ಹೀಗೆ ಮಾಡುತ್ತೇನೆ. ಸರಿಯಾದ ಎಂಜಿನ್ ಇರುವ, ಇದೇ ಸ್ಥಿತಿಯ ಬೈಕ್ ಎಷ್ಟಕ್ಕೆ *ಮಾರಾಟವಾಯಿತು* ಅಂತ ಹುಡುಕುತ್ತೇನೆ. ಎಷ್ಟು ಕೇಳಿದರು ಅನ್ನುವುದು ಲೆಕ್ಕಕ್ಕೆ ಬೇಡ, ಕೇಳುವುದಕ್ಕೆ ಮಿತಿ ಇಲ್ಲ. ಅದರಿಂದ ಸರಿಯಾದ ಸಿಆರ್ ಎಂಜಿನ್ ಹುಡುಕಿ ತಂದು ಕಟ್ಟುವ ಖರ್ಚು ಕಳೆಯುತ್ತೇನೆ. ಆಮೇಲೆ ಈಗ ಹೊಸದಾಗಿ ಸಿಗದ ಭಾಗಗಳ ಕಡೆ ಬರುತ್ತೇನೆ: ಸೈಲೆನ್ಸರಿನ ಮುಂದಿನ ಎಕ್ಸ್‌ಪ್ಯಾನ್ಷನ್ ಚೇಂಬರ್, ಏರ್‌ಬಾಕ್ಸ್, ಹಬ್‌ಗಳು, ಫುಟ್‌ಪೆಗ್, ಕಾರ್ಬ್. ಇವು ಹಳೆಯವೇ ಇದ್ದರೆ ಗೀರಿದ್ದರೂ ಪರವಾಗಿಲ್ಲ, ಬೆಲೆ ಉಳಿಯುತ್ತದೆ. ಮಡ್‌ಗಾರ್ಡ್, ಸೀಟ್ ಕವರ್, ಸ್ಟಿಕರ್ ಹೊಸದಾಗಿ ಮಾಡಿದವು ಸಿಗುತ್ತವೆ, ಅವುಗಳ ಹೊಳಪಿಗೆ ಜಾಸ್ತಿ ಕೊಡಬೇಡಿ. ರೀಸ್ಟೋರ್ ಮಾಡೋಕೆ ಇಷ್ಟು ಖರ್ಚಾಯಿತು ಅಂತ ಬಿಲ್ ತೋರಿಸಿದರೆ ಕೆಲಸ ನಡೆದದ್ದಕ್ಕೆ ಅದು ಸಾಕ್ಷಿ, ಬೆಲೆಗೆ ಸಾಕ್ಷಿ ಅಲ್ಲ. ಇಂಥ ಬೈಕಿನಲ್ಲಿ ಹಾಕಿದ ಖರ್ಚು ಪೂರ್ತಿ ವಾಪಸ್ ಬರುವುದು ಅಪರೂಪ.

ಮಣ್ಣುಹಾದಿ:

ಮಧ್ಯೆ ಬಂದೆ, ಕ್ಷಮಿಸಿ. ನಾನು 1981ರ ನಂತರದ್ದು ನೋಡುತ್ತಿದ್ದೇನೆ. ಅದಕ್ಕೂ ಇದೇ ಲೆಕ್ಕವಾ?

ಹಳೇಪಿಸ್ಟನ್:

ಅಲ್ಲಿ ವರ್ಷ ಹಿಡಿಯುವುದು ಸುಲಭ. 17 ಅಕ್ಷರದ ಫ್ರೇಮ್ ನಂಬರು ಇದ್ದರೆ, ಅಮೆರಿಕಕ್ಕೆ ಅಂತ ಮಾಡಿದ ಬೈಕುಗಳಲ್ಲಿ ಹತ್ತನೆಯ ಅಕ್ಷರ ಮಾಡೆಲ್ ವರ್ಷ ಹೇಳುತ್ತದೆ. ಬಿ ಅಂದರೆ 1981, ಸಿ 1982, ಡಿ 1983, ಹೀಗೆ ಮುಂದಕ್ಕೆ. ಐ ಅಕ್ಷರ ಬಳಸುವುದಿಲ್ಲ, ಹಾಗಾಗಿ ಎಚ್ 1987 ಆದರೆ ಜೆ 1988. ಬೇರೆ ದೇಶಕ್ಕೆ ಮಾಡಿದ್ದರಲ್ಲಿ ಆ ಜಾಗಕ್ಕೆ ಅದೇ ಅರ್ಥ ಇರಬೇಕೆಂದಿಲ್ಲ.

ಆ ವರ್ಷಗಳಲ್ಲಿ ಒಂದೊಂದು ಸೀಸನ್ನಿಗೂ ಬೈಕ್ ಬದಲಾಗುತ್ತಿತ್ತು, ಅದು ನಿಮಗೆ ಅನುಕೂಲ. ಹಿಂದಿನ ಚಕ್ರದ ಲಿಂಕೇಜ್ ಸಸ್ಪೆನ್ಷನ್‌ಗಳಾದ ಹೋಂಡಾ ಪ್ರೋ-ಲಿಂಕ್, ಸುಜುಕಿ ಫುಲ್ ಫ್ಲೋಟರ್ ಎರಡೂ ಬಂದದ್ದು 1981ರ ಮೋಟೋಕ್ರಾಸ್ ಬೈಕುಗಳಲ್ಲಿ. 1981ರ ಯಮಹಾ ವೈಜೆಡ್125ರಲ್ಲಿ ರೇಡಿಯೇಟರ್ ಮುಂದಿನ ನಂಬರ್ ಪ್ಲೇಟಿನ ಹಿಂದೆ ಕೂತಿರುತ್ತದೆ. ಆ ವರ್ಷದ್ದು ಅಂತ ಹೇಳಿ ರೇಡಿಯೇಟರ್ ಫ್ರೇಮಿನ ಪಕ್ಕದಲ್ಲಿದ್ದರೆ ಬೈಕ್ ಆ ವರ್ಷದ್ದಲ್ಲ.

ಪ್ಲಾಸ್ಟಿಕ್ ಟ್ಯಾಂಕಿನ ಮೇಲೆ ಹೊಚ್ಚ ಹೊಸ ಸ್ಟಿಕರ್ ಇದ್ದು ಪೆಟ್ರೋಲ್ ಖಾಲಿ ಇದ್ದರೆ, ತುಂಬಿಸಿ ಕೆಲವು ದಿನ ಬಿಟ್ಟು ನೋಡೋಕೆ ಕೇಳಿ. ಪೆಟ್ರೋಲ್ ಆವಿ ಪ್ಲಾಸ್ಟಿಕ್ ದಾಟಿ ಬಂದು ಸ್ಟಿಕರನ್ನು ಗುಳ್ಳೆ ಎಬ್ಬಿಸುತ್ತದೆ.

ನೀವು ಹಳೇ ಬೈಕುಗಳ ರೇಸಿಗೆ ಅಂತ ತಗೊಳ್ಳುವುದಾದರೆ ವರ್ಗದ ನಿಯಮ ಮೊದಲೇ ಓದಿ. ಅಂಥ ರೇಸಿನ ‘ಇವೋ’ ಎನ್ನುವ ವರ್ಗಕ್ಕೆ ಏರ್ ಕೂಲಿಂಗ್, ಡ್ರಮ್ ಬ್ರೇಕ್, ಲಿಂಕೇಜ್ ಇಲ್ಲದ ಹಿಂದಿನ ಸಸ್ಪೆನ್ಷನ್ ಬೇಕು. ಅಮೆರಿಕದ ಹಳೇ ಬೈಕ್ ರೇಸಿನ ಸಂಸ್ಥೆ ಎಎಚ್‌ಆರ್‌ಎಂಎ ಹಳೆಯ ವರ್ಗಗಳಲ್ಲಿ ಮುಂದೆ 7 ಇಂಚು, ಹಿಂದೆ 4 ಇಂಚಿಗಿಂತ ಜಾಸ್ತಿ ಸಸ್ಪೆನ್ಷನ್ ಓಟ ಬಿಡುವುದಿಲ್ಲ. ರೀಸ್ಟೋರ್ ಮಾಡುವಾಗ ಉದ್ದದ ಶಾಕ್ ಹಾಕಿದ ಬೈಕ್ ಓಡಿಸೋಕೆ ಚೆನ್ನ, ಆದರೆ ರೇಸಿಗೆ ಕೊಳ್ಳುವವರ ಲೆಕ್ಕದಲ್ಲಿ ಬೆಲೆ ಇಳಿಯುತ್ತದೆ.

ಹಸಿರುಟ್ಯಾಂಕ್:

ಎಡ ಕವರ್ ತೆಗೆಸಿದೆ. ಲೈಟಿನ ಕಾಯಿಲ್ ಇದೆ, ಫ್ಲೈವೀಲ್ ದಪ್ಪ. ಚೇಂಬರ್, ಏರ್‌ಬಾಕ್ಸ್, ಹಬ್ ಎಲ್ಲಾ ಪುಸ್ತಕದ ಚಿತ್ರಕ್ಕೆ ಸರಿಹೊಂದುತ್ತವೆ. ಮಾರುವವರಿಗೆ ಸಮಾಧಾನವಾಗಿ ತೋರಿಸಿದೆ. ಫ್ಯಾಕ್ಟರಿ ಬೈಕ್ ಮಾತು ಅವರೇ ಬಿಟ್ಟರು. ಸಿಆರ್ ಎಂಜಿನ್ ಹುಡುಕುವ ಖರ್ಚು ಕಳೆದು ಕೊಡೋಕೆ ಒಪ್ಪಿದ್ದಾರೆ. ನನಗೆ ಓಡಿಸುವ ಆಸೆಯೂ ಇದೆ. ಕೊನೆಯದಾಗಿ ಏನು ನೋಡಲಿ?

ಹಳೇಪಿಸ್ಟನ್:

ಒಳ್ಳೆಯದಾಯಿತು. ಫ್ರೇಮ್, ಟ್ಯಾಂಕ್, ಚೇಂಬರ್ ಸರಿ ಇದ್ದರೆ ಎಂಜಿನ್ ನಿಧಾನಕ್ಕೆ ಹುಡುಕಬಹುದು. ಹಣ ಕೊಡುವ ಮುಂಚೆ ಎಂಜಿನ್ ಗಾಳಿ ಸೋರುತ್ತದಾ ಅಂತ ಪ್ರೆಷರ್ ಟೆಸ್ಟ್ ಮಾಡಿಸಿ. ಎಗ್ಸಾಸ್ಟ್ ಪೋರ್ಟ್, ಇನ್‌ಟೇಕ್ ಮುಚ್ಚಿ ಸುಮಾರು 6 ಪಿಎಸ್‌ಐ ಗಾಳಿ ತುಂಬಿ ಗೇಜ್ ನೋಡಿ. ನಿಮಿಷಕ್ಕೆ 1 ಪಿಎಸ್‌ಐಗಿಂತ ಜಾಸ್ತಿ ಇಳಿದರೆ ಫ್ಲೈವೀಲ್ ಹಿಂದಿನ ಸೀಲಿಗೆ, ಸಿಲಿಂಡರ್ ಬುಡದ ಗ್ಯಾಸ್ಕೆಟ್ಟಿಗೆ ಸೋಪಿನ ನೀರು ಬಿಡಿ. ಗುಳ್ಳೆ ಬಂದ ಕಡೆ ಸೋರುತ್ತಿದೆ. ಗೇರ್‌ಬಾಕ್ಸ್ ಆಯಿಲ್ ತುಂಬುವ ಕಡೆಯಿಂದ ಗಾಳಿ ಬಂದರೆ ಕ್ಲಚ್ ಕಡೆಯ ಸೀಲ್ ಹೋಗಿದೆ. ವರ್ಷಗಟ್ಟಲೆ ನಿಂತ ಟೂ-ಸ್ಟ್ರೋಕಿನಲ್ಲಿ ರಬ್ಬರ್ ಗಟ್ಟಿಯಾಗಿ ಹೀಗಾಗುವುದು ಮಾಮೂಲಿ. ಹಾಗೇ ಓಡಿಸಿದರೆ ಗಾಳಿ ಜಾಸ್ತಿಯಾಗಿ ಪಿಸ್ಟನ್ ಹಿಡಿದುಕೊಳ್ಳುತ್ತದೆ.

ಮುಂದೆ ಸಿಆರ್ ಎಂಜಿನ್ ಸಿಕ್ಕಾಗ ಸಿಲಿಂಡರ್ ಬೋರ್ (ಒಳವ್ಯಾಸ) ಅಳೆಸಿ. ಹೊಸದರಲ್ಲಿ 70 ಮಿಲಿಮೀಟರ್. ಎಷ್ಟು ಸಲ ಬೋರ್ ಮಾಡಿಸಿದ್ದಾರೆ, ಇನ್ನೆಷ್ಟು ಉಳಿದಿದೆ ಅಂತ ಅದರಿಂದಲೇ ತಿಳಿಯುತ್ತದೆ. ಈಗಿರುವ ಎಂಟಿ ಎಂಜಿನ್ ಆಗ ಮಾರಬೇಡಿ ಅಂತ ಹೇಳುವುದಿಲ್ಲ, ಆದರೆ ಮಾರುವಾಗ ಅದರ ನಂಬರಿನ ಫೋಟೋ ನೀವೇ ಮೊದಲು ಕಳಿಸಿ.