ಪದಚರ್ಚೆ: ಆಸ್ಕರ್ ಸುದ್ದಿಯಲ್ಲಿ ‘ನಾಮನಿರ್ದೇಶನ’, ‘ಜನಾಂಗೀಯ ವೈವಿಧ್ಯತೆ’ – ಬೇರೆ ಪದ ಇದ್ದರೆ ಹೇಳಿ

ಪ್ರಶ್ನೆ (ಧಾರವಾಡದಿಂದ)

ಎಲ್ಲರಿಗೂ ನಮಸ್ಕಾರ.

ಸಿನಿಮಾ ಪ್ರಶಸ್ತಿಗಳಲ್ಲಿ ಬಿಳಿಯರಲ್ಲದ ಕಲಾವಿದರನ್ನು ಹೊರಗಿಡುವುದರ ಬಗೆಗಿನ ಒಂದು ಲೇಖನ ಕನ್ನಡಕ್ಕೆ ಬರುತ್ತಿದೆ. ಕರಡಿನಲ್ಲಿರುವ ಒಂದು ವಾಕ್ಯ ಹೀಗಿದೆ:

“2015 ಮತ್ತು 2016ರಲ್ಲಿ ಆಸ್ಕರ್ ನಟನಾ ವಿಭಾಗಗಳಿಗೆ ನಾಮನಿರ್ದೇಶನಗೊಂಡ ಎಲ್ಲ ಇಪ್ಪತ್ತು ಮಂದಿ ಶ್ವೇತವರ್ಣೀಯ ಜನಾಂಗದವರೇ ಆಗಿದ್ದು, ಜನಾಂಗೀಯ ವೈವಿಧ್ಯತೆ ಹಾಗೂ ನ್ಯಾಯಯುತತೆಯ ಕೊರತೆಯ ಬಗ್ಗೆ ಆಕ್ರೋಶ ವ್ಯಕ್ತವಾಯಿತು.”

ಅರ್ಥ ಆಗುತ್ತದೆ, ಆದರೆ ಕಚೇರಿ ಸುತ್ತೋಲೆ ಓದಿದ ಹಾಗೆ ಇದೆ. ‘ನಾಮನಿರ್ದೇಶನ’ಕ್ಕೆ ಹಗುರವಾದ ಪದ ಉಂಟೆ? ‘ಜನಾಂಗ’ ಇಲ್ಲಿ ಸರಿಯೇ, ಅಥವಾ ‘ವರ್ಣ’ ಅನ್ನಬೇಕೆ? ಇದೇ ಲೇಖನದಲ್ಲಿ ಮುಂದೆ, ಪರದೆಯ ಮೇಲೂ ತೆರೆಯ ಹಿಂದೆಯೂ ಸಾಕಷ್ಟು ಅವಕಾಶ ಸಿಗದ ಗುಂಪುಗಳಿಗಾಗಿ ಅಕಾಡೆಮಿ (ಆಸ್ಕರ್ ಕೊಡುವ ಸಂಸ್ಥೆ) ಮಾಡಿದ ನಿಯಮಗಳ ಮಾತು ಬರುತ್ತದೆ. ಕರಡಿನಲ್ಲಿ ಅದನ್ನು ‘ಅಲ್ಪಸಂಖ್ಯಾತರಿಗೆ ಮೀಸಲಾತಿ’ ಎಂದು ಮಾಡಲಾಗಿದೆ. ಅದು ಮನಸ್ಸಿಗೆ ಒಪ್ಪುತ್ತಿಲ್ಲ.

ಮಾರುತ್ತರ (ಹುಬ್ಬಳ್ಳಿಯಿಂದ)

ಮೇಡಂ, ನಾಮನಿರ್ದೇಶನದಿಂದಲೇ ಸುರು ಮಾಡೋಣ. ಆ ಪದ ಭಾರ ಅನ್ನೋದಕ್ಕಿಂತ ಅದು ಸುಳ್ಳು ಹೇಳುತ್ತದೆ ಅನ್ನೋದೇ ನನ್ನ ತಕರಾರು.

ನಮ್ಮ ಓದುಗರಿಗೆ ಈ ಪದ ಬಂದದ್ದು ರಾಜಕೀಯದ ಕಡೆಯಿಂದ. ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 11ಕ್ಕೆ ರಾಜ್ಯಪಾಲರು ನಾಮನಿರ್ದೇಶನ ಮಾಡುತ್ತಾರೆ. ಅಲ್ಲಿ ಹೆಸರು ಬಂತು ಅಂದರೆ ಕುರ್ಚಿ ಸಿಕ್ಕ ಹಾಗೆಯೇ: ಎದುರಾಳಿ ಇಲ್ಲ, ಮತದಾನ ಇಲ್ಲ, ಮಾಡಿದವರು ಒಬ್ಬರು. ಆಸ್ಕರ್‌ನಲ್ಲಿ ಎಲ್ಲ ತಿರುಗಾಮುರುಗಾ. ಹೆಸರು ಬಂದರೂ ಐವರಲ್ಲಿ ನಾಲ್ವರು ಬರಿಗೈಯಲ್ಲಿ ಹೋಗುತ್ತಾರೆ, ಆ ಹೆಸರು ತಂದವರು ನೂರಾರು ಮತದಾರರು. ಇನ್ನು ‘ನಾಮಿನಿ’ ಅಂದರೆ ನಮ್ಮಲ್ಲಿ ಪಾಸ್‌ಬುಕ್ಕಿನ ವಾರಸುದಾರ. ಮೇಲಾಗಿ ಇದು ಸಿನಿಮಾ ಸುದ್ದಿ. “ಅತ್ಯುತ್ತಮ ನಿರ್ದೇಶನಕ್ಕೆ ನಿರ್ದೇಶಕರ ನಾಮನಿರ್ದೇಶನ” ಎಂದು ಒಮ್ಮೆ ಗಟ್ಟಿಯಾಗಿ ಓದಿ ನೋಡಿ, ನಾಲಿಗೆಯೇ ತೀರ್ಪು ಕೊಡುತ್ತದೆ.

ನಮ್ಮ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯಲ್ಲಿ ಈ ಹಂತವೇ ಇಲ್ಲ ಎಂಬುದೂ ಒಂದು ಕಾರಣ. ಅರ್ಜಿ ಬಂದ ಚಿತ್ರಗಳನ್ನು ಮೊದಲು ಪ್ರಾದೇಶಿಕ ಸಮಿತಿ, ಆಮೇಲೆ ಕೇಂದ್ರ ಸಮಿತಿ ನೋಡುತ್ತದೆ, ನೇರ ಪ್ರಶಸ್ತಿ ಘೋಷಣೆ. ನಡುವೆ ಐದು ಹೆಸರು ಹೊರಗೆ ಬಂದು ಜನ ಮಾತಾಡಿಕೊಳ್ಳುವ ರೂಢಿ ಅಲ್ಲಿಲ್ಲ. ಹೀಗಾಗಿ ಆಸ್ಕರ್ ಸುದ್ದಿ ಬಂದಾಗ ಹಂತಗಳೆಲ್ಲ ಕಲಸಿ ಹೋಗುತ್ತವೆ. 2023ರ ಜನವರಿಯಲ್ಲಿ ‘ಕಾಂತಾರ’ 301 ಚಿತ್ರಗಳ ಅರ್ಹ ಪಟ್ಟಿಯಲ್ಲಿ ಬಂದಾಗ ಅದು ನಾಮನಿರ್ದೇಶನವೇ ಆಯಿತು ಎಂಬಂತೆ ಹಬ್ಬಿತು. ಆ ಪಟ್ಟಿಯಲ್ಲಿ ಇರುವುದಕ್ಕೆ ಬೇಕಾದದ್ದು ಇಷ್ಟು: ಚಿತ್ರ 40 ನಿಮಿಷಕ್ಕಿಂತ ಉದ್ದ ಇರಬೇಕು, ಅಮೆರಿಕದ ಗೊತ್ತುಪಡಿಸಿದ ಮಹಾನಗರ ಪ್ರದೇಶಗಳಲ್ಲಿ ಒಂದರಲ್ಲಾದರೂ ಏಳು ದಿನ ಸತತ ಟಿಕೆಟ್ ಪ್ರದರ್ಶನ ಕಂಡಿರಬೇಕು, ಕಾಗದಪತ್ರ ವೇಳೆಗೆ ಸಲ್ಲಿಸಿರಬೇಕು. ಚಿತ್ರ ಚಲೋ ಇದೆಯೋ ಇಲ್ಲವೋ ಎಂದು ಆ ಹಂತದಲ್ಲಿ ಯಾರೂ ಕೇಳುವುದಿಲ್ಲ.

ಅದಕ್ಕೇ ಹಂತಕ್ಕೊಂದು ಪದ ಇರಲಿ. ದೇಶದ ಪರವಾಗಿ ಒಂದು ಚಿತ್ರ ಕಳಿಸುವುದು ‘ಪ್ರವೇಶ’. ನಿಯಮ ದಾಟಿದವು ‘ಅರ್ಹ ಪಟ್ಟಿ’. ಅಂತರರಾಷ್ಟ್ರೀಯ ಚಿತ್ರ, ಸಾಕ್ಷ್ಯಚಿತ್ರ, ಹಾಡು ಮುಂತಾದ ಕೆಲವು ವಿಭಾಗಗಳಲ್ಲಿ ಮಾತ್ರ ಇರುವ ನಡುವಿನ ಸೋಸುವಿಕೆ ‘ಕಿರುಪಟ್ಟಿ’. ನಟನೆಗೆ ಕಿರುಪಟ್ಟಿ ಇಲ್ಲ, ಅದನ್ನು ಮರೆತು “ಕಿರುಪಟ್ಟಿಯಲ್ಲಿ ನಟ” ಎಂದು ಬರೆಯಬಾರದು. ಕೊನೆಯ ಐದಕ್ಕೆ ‘ಅಂತಿಮ ಕಣ’. ಚುನಾವಣೆ ಸುದ್ದಿಯಲ್ಲಿ ‘ಅಂತಿಮ ಕಣದಲ್ಲಿ ಉಳಿದವರು’ ಎಲ್ಲರಿಗೂ ಗೊತ್ತು. ನಮ್ಮ ಕಡೆ ಕಣ ಅಂದರೆ ರಾಶಿ ಮಾಡುವ ಜಾಗವೂ ಹೌದು, ಕಾಳು ಜೊಳ್ಳು ಬೇರೆ ಆಗುವುದು ಅಲ್ಲೇ. ‘ನಾಮನಿರ್ದೇಶನ’ವನ್ನು ಶೀರ್ಷಿಕೆಯಲ್ಲಿ ಪೂರ್ತಿ ಬಿಡಲಿಕ್ಕೆ ಆಗದಿದ್ದರೆ ಮೊದಲ ಪ್ಯಾರಾದಲ್ಲೇ “ಅಂದರೆ ಅಂತಿಮ ಕಣಕ್ಕೆ ಬಂದಿದೆ” ಎಂದು ಬಿಡಿಸಿ ಹೇಳಿ.

ಕಣಕ್ಕೆ ಹೇಗೆ ಬರುತ್ತಾರೆ ಎನ್ನುವುದು ಲೇಖನದ ಜೀವಾಳ, ಅದನ್ನು ಹಾರಿಸಿದರೆ ಅನ್ಯಾಯ ಎಲ್ಲಿ ಆಗುತ್ತದೆ ಎಂದೇ ತಿಳಿಯುವುದಿಲ್ಲ. ನಟರ ಹೆಸರನ್ನು ಅಕಾಡೆಮಿಯ ನಟರ ವಿಭಾಗದ ಸದಸ್ಯರಷ್ಟೇ ಕಣಕ್ಕೆ ತರುತ್ತಾರೆ. ಕೊನೆಯ ಪ್ರಶಸ್ತಿಗೆ ಮಾತ್ರ ಎಲ್ಲ ವಿಭಾಗದವರ ಮತ. ಮೊದಲ ಸುತ್ತಿನಲ್ಲಿ ಮತಪತ್ರದ ಮೇಲೆ ಇಷ್ಟದ ಹೆಸರುಗಳನ್ನು ಒಂದು, ಎರಡು, ಮೂರು ಎಂದು ಅನುಕ್ರಮದಲ್ಲಿ ಬರೆಯಬೇಕು. 1200 ಮತಪತ್ರ ಬಂದವು ಎಂದುಕೊಳ್ಳಿ. ಸ್ಥಾನ ಐದು. ಐದಕ್ಕೆ ಒಂದು ಕೂಡಿಸಿ ಆರರಿಂದ ಭಾಗಿಸಿದರೆ 200, ಅದಕ್ಕೆ ಒಂದು ಸೇರಿಸಿದರೆ 201. ಮೊದಲ ಆಯ್ಕೆಯ ಮತ 201 ಮುಟ್ಟಿದವರು ಕಣದಲ್ಲಿ. ಆಮೇಲೆ ಅತಿ ಕಡಿಮೆ ಮತ ಬಿದ್ದವರನ್ನು ತೆಗೆದು, ಅವರ ಮತಪತ್ರಗಳನ್ನು ಎರಡನೆಯ ಆಯ್ಕೆಯವರಿಗೆ ಹಂಚುತ್ತ ಹೋಗುತ್ತಾರೆ. ನಮ್ಮ ವಿಧಾನ ಪರಿಷತ್ ಚುನಾವಣೆಯ ಪ್ರಾಶಸ್ತ್ಯ ಮತ ಬಲ್ಲವರಿಗೆ ಇದು ಹೊಸದಲ್ಲ.

ಇದರಿಂದ ಎರಡು ಮಾತು ಹೊರಡುತ್ತವೆ. ಆರರಲ್ಲಿ ಒಂದು ಪಾಲು ಜನ ಒಬ್ಬರನ್ನೇ ಮೊದಲ ಸ್ಥಾನದಲ್ಲಿ ಬರೆದರೆ ಸಾಕು, ಬಹುಮತ ಬೇಡ. ಆದರೆ “ಅವರೂ ಚಲೋ ಮಾಡ್ಯಾರ” ಎಂದು ಎಲ್ಲರ ಮತಪತ್ರದಲ್ಲೂ ನಾಲ್ಕನೆಯವರಾಗಿ ಉಳಿದವರು ಎಣಿಕೆಗೆ ಬರುವ ಮೊದಲೇ ಬಿದ್ದುಹೋಗುತ್ತಾರೆ. 2012ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆ ಲೆಕ್ಕ ಹಾಕಿದಾಗ ಅಕಾಡೆಮಿ ಸದಸ್ಯರಲ್ಲಿ ಸುಮಾರು ಶೇ 94 ಬಿಳಿಯರು, ಶೇ 77 ಗಂಡಸರು ಇದ್ದರು. ಯಾರೂ ಸಂಚು ಮಾಡಬೇಕಿಲ್ಲ. ಮತಪತ್ರ ಹಿಡಿದವರು ಯಾರ ಚಿತ್ರ ಮೊದಲು ನೋಡಿದರು, ಯಾರ ಹೆಸರು ಮೇಲೆ ಬರೆದರು, ಅಷ್ಟೇ. ‘ನಾಮನಿರ್ದೇಶನಗೊಂಡರು’ ಅಂದಾಗ ಆ ಮತಪತ್ರ ಹಿಡಿದ ಕೈ ವಾಕ್ಯದಿಂದಲೇ ಮಾಯ ಆಗುತ್ತದೆ ನೋಡಿ.

ಮಾರುತ್ತರ (ಗದಗದಿಂದ)

ಅಕ್ಕಾರ, ‘ಜನಾಂಗ’ ಭಾಳ ತ್ರಾಸ ಕೊಡೋ ಪದ. ನಮ್ಮ ಕಡೆ ಯಾರನ್ನರ “ನೀವು ಯಾವ ಜನಾಂಗರೀ?” ಅಂತ ಕೇಳಿದ್ರ ಬರೋ ಉತ್ತರ ಜಾತೀದು. ಪೇಪರಿನಾಗೂ ಹಂಗ: ‘ಹಿಂದುಳಿದ ಜನಾಂಗ’, ಇಂಥಾ ‘ಜನಾಂಗದ ಸಮಾವೇಶ’. ‘ಜನಾಂಗೀಯ ವೈವಿಧ್ಯ’ ಅಂದಕೂಡಲೇ ಓದುಗರ ತಲೆಯಾಗ ಆಸ್ಕರ್ ಬರಂಗಿಲ್ಲ, ಸಮಾಜದ ಸಮುದಾಯ ಭವನ ಬರ್ತದ.

ಹಾಗಂತ ‘ವರ್ಣ’ಕ್ಕೆ ಹೋಗಬೇಡಿ. ಒಂದು ಕಡೆ ಚಾತುರ್ವರ್ಣ್ಯ ಅದರ ಬೆನ್ನಿಗೇ ಇದೆ. ಇನ್ನೊಂದು ಕಡೆ ‘ವರ್ಣಭೇದ ನೀತಿ’ ಕನ್ನಡದಲ್ಲಿ ದಕ್ಷಿಣ ಆಫ್ರಿಕಾದ ಕಾನೂನುಬದ್ಧ ವ್ಯವಸ್ಥೆಗೆ ಗಟ್ಟಿಯಾಗಿ ಅಂಟಿಕೊಂಡಿದೆ. ಮತಪತ್ರದಲ್ಲಿ ನಡೆಯುವ ಪಕ್ಷಪಾತಕ್ಕೆ ಅದನ್ನು ಬಳಸಿದರೆ ಅಳತೆ ತಪ್ಪುತ್ತದೆ. ಸಿನಿಮಾದಲ್ಲಂತೂ ಹಳೇ ಪೋಸ್ಟರುಗಳ ‘ಸಂಪೂರ್ಣ ವರ್ಣಚಿತ್ರ’ ಇದ್ದೇ ಇದೆ, ‘ವರ್ಣೀಯ ನಟ’ ಅಂದರೆ ಕಪ್ಪು-ಬಿಳುಪು ಅಲ್ಲದ ನಟ ಅನ್ನಿಸೀತು.

ನನ್ನ ಸಲಹೆ: ಒಟ್ಟಾರೆ ಹೇಳುವಾಗ ‘ಮೂಲ’ ಎಂಬ ಸಾದಾ ಪದ ಸಾಕು. ‘ಬೇರೆ ಬೇರೆ ಮೂಲದ ಕಲಾವಿದರು’, ‘ಏಷ್ಯಾ ಮೂಲದ ನಟಿ’. ಯಾರ ವಿಷಯ ಎಂದು ಗೊತ್ತಿದ್ದಲ್ಲಿ ಆ ಗುಂಪಿನ ಹೆಸರನ್ನೇ ಹೇಳಿ: ಆಫ್ರಿಕನ್ ಅಮೆರಿಕನ್, ಲ್ಯಾಟಿನೊ (ಲ್ಯಾಟಿನ್ ಅಮೆರಿಕ ಮೂಲದವರು), ಅಮೆರಿಕದ ಮೂಲನಿವಾಸಿ. ಎಲ್ಲರನ್ನೂ ‘ಬಿಳಿಯರಲ್ಲದವರು’ ಎಂದು ಗಂಟು ಕಟ್ಟಿದರೆ ಲೆಕ್ಕವೂ ಕೆಡುತ್ತದೆ. ನಟನೆಯ ಕಣ ಪೂರ್ತಿ ಬಿಳಿಯಾಗಿದ್ದ ಅದೇ 2015, 2016ರಲ್ಲಿ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿ ಎರಡೂ ಸಲ ಮೆಕ್ಸಿಕೊದ ಅಲೆಹಾಂಡ್ರೊ ಇನ್ಯಾರಿಟು ಅವರಿಗೆ ಹೋಯಿತು. ಹಾಗಾಗಿ ‘ನಟನಾ ವಿಭಾಗ’ ಎಂಬ ಮಾತು ನಿಮ್ಮ ವಾಕ್ಯದಿಂದ ಜಾರದಂತೆ ನೋಡಿಕೊಳ್ಳಿ.

‘ಕರಿಯ’ ಬೇಡ. ಕರಿಯಪ್ಪ, ಕರಿಯವ್ವ ನಮ್ಮಲ್ಲಿ ಪ್ರೀತಿಯಿಂದ ಇಟ್ಟ ಹೆಸರುಗಳು, ಆದರೆ ಅದೇ ಪದ ಬೈಗುಳವೂ ಹೌದು. ಹಳೇ ಪುಸ್ತಕಗಳ ‘ನೀಗ್ರೊ’ ಅಂತೂ ಸುತರಾಂ ಬೇಡ. ಇದು ದೂರದ ಅಮೆರಿಕದವರಿಗೆ ತೋರಿಸುವ ಮರ್ಯಾದೆ ಅಷ್ಟೇ ಅಲ್ಲ. ಕಲಘಟಗಿ, ಹಳಿಯಾಳ, ಯಲ್ಲಾಪುರದ ಸಿದ್ದಿಗಳು ಆಫ್ರಿಕಾ ಮೂಲದವರು, ಕನ್ನಡ ಓದುವವರು. ಉತ್ತರ ಕನ್ನಡದ ಸಿದ್ದಿಗಳಿಗಿದ್ದ ಪರಿಶಿಷ್ಟ ಪಂಗಡದ ಸ್ಥಾನ 2020ರ ತಿದ್ದುಪಡಿಯಿಂದ ಧಾರವಾಡ, ಬೆಳಗಾವಿ ಜಿಲ್ಲೆಯವರಿಗೂ ಸಿಕ್ಕಿದೆ. ನಿಮ್ಮ ಲೇಖನ ಅವರ ಕೈಗೂ ಹೋಗುತ್ತದೆ. ‘ಕಪ್ಪು ನಟಿ’, ‘ಕಪ್ಪು ಜನ’ ಸರಳ, ಅವಮಾನವಿಲ್ಲ. ‘ಕೃಷ್ಣವರ್ಣೀಯ’ ಅಂದರೆ ಪುರಾಣದ ವರ್ಣನೆ ಸುರುವಾದ ಹಾಗೆ.

‘ನ್ಯಾಯಯುತತೆ’ ಕನ್ನಡವೇ ಅಲ್ಲ, ತೆಗೀರಿ. ಬದಲಿಗೆ ನಮ್ಮಲ್ಲೇ ಒಂದು ಪದ ಇದೆ: ಪಂಕ್ತಿಭೇದ. 1940ರ ಫೆಬ್ರವರಿ 29ರ ರಾತ್ರಿ ಹ್ಯಾಟಿ ಮೆಕ್‌ಡೇನಿಯಲ್ ‘ಗಾನ್ ವಿತ್ ದ ವಿಂಡ್’ ಚಿತ್ರದ ನಟನೆಗೆ ಆಸ್ಕರ್ ಗೆದ್ದ ಮೊದಲ ಕಪ್ಪು ಕಲಾವಿದೆ ಆದರು. ಲಾಸ್ ಏಂಜಲೀಸಿನ ಅಂಬಾಸಡರ್ ಹೋಟೆಲಿನ ಊಟದ ಸಭಾಂಗಣದಲ್ಲೇ ಸಮಾರಂಭ. ಆ ಹೋಟೆಲು ಕಪ್ಪು ಜನರನ್ನು ಒಳಗೆ ಬಿಡುತ್ತಿರಲಿಲ್ಲ. ನಿರ್ಮಾಪಕರು ವಿಶೇಷ ವಿನಂತಿ ಮಾಡಿಕೊಂಡ ಮೇಲೆ ಬಿಟ್ಟರು. ಚಿತ್ರದ ಉಳಿದ ತಾರೆಯರೆಲ್ಲ ಒಂದು ಮೇಜಿಗೆ, ಹ್ಯಾಟಿ ಗೋಡೆಯ ಪಕ್ಕದ ಸಣ್ಣ ಮೇಜಿಗೆ. ಇದಕ್ಕೆ ‘ಅಸಮಾನತೆ’ ಅಂದರೆ ಸಪ್ಪೆ. ಪಂಕ್ತಿಭೇದ ಅಂದರೆ ನಮ್ಮವರಿಗೆ ಮರುಮಾತಿಲ್ಲದೆ ತಿಳಿಯುತ್ತದೆ.

ಮಾರುತ್ತರ (ಹಾವೇರಿಯಿಂದ)

ಗದಗಿನ ಸರ್ ಹೇಳಿದ ‘ಪಂಕ್ತಿಭೇದ’ 1940ಕ್ಕೆ ಒಪ್ಪುತ್ತದೆ, 2015ಕ್ಕೆ ಒಪ್ಪುವುದಿಲ್ಲ. ಪಂಕ್ತಿಭೇದ ಅಂದರೆ ಊಟಕ್ಕೆ ಕರೆದು ಬೇರೆ ಕೂರಿಸುವುದು ಅಥವಾ ಬೇರೆ ಬಡಿಸುವುದು. 2015ರಲ್ಲಿ ಕರೆಯಲೇ ಇಲ್ಲವಲ್ಲ! ಅಲ್ಲಿ ‘ಹೊರಗಿಟ್ಟರು’, ‘ಕಡೆಗಣಿಸಿದರು’ ಸಾಕು.

‘ವೈವಿಧ್ಯತೆ’ಯ ಬಾಲ ಕತ್ತರಿಸಿ. ‘ವಿವಿಧ’ದಿಂದ ‘ವೈವಿಧ್ಯ’ ಆದಾಗಲೇ ಭಾವನಾಮ ಆಯಿತು, ಮೇಲೆ ‘ತೆ’ ಹಚ್ಚುವುದು ಅಂಗಿಯ ಮೇಲೆ ಅಂಗಿ. ‘ಪ್ರಾಮುಖ್ಯತೆ’ಗೂ ಇದೇ ಚಿಕಿತ್ಸೆ.

2015ರ ಜನವರಿಯಲ್ಲಿ ಏಪ್ರಿಲ್ ರೇನ್ ಎಂಬ ಅಮೆರಿಕದ ಹೋರಾಟಗಾರ್ತಿ ಹಚ್ಚಿದ ‘ಆಸ್ಕರ್ಸ್ ಸೋ ವೈಟ್’ ಹ್ಯಾಷ್‌ಟ್ಯಾಗನ್ನು “ಆಸ್ಕರ್ ಎಷ್ಟೊಂದು ಬಿಳಿ” ಎಂದರೆ ಸೋಪಿನ ಜಾಹೀರಾತು. ಕುಹಕ ಉಳಿಯಬೇಕೆಂದರೆ ಮೂಲದ ಪದ ಹಾಗೇ ಇಟ್ಟು, ಪಕ್ಕದಲ್ಲಿ “ಬೆಳ್ಳಗಿರೋದೆಲ್ಲ ಹಾಲಲ್ಲ” ಎನ್ನುವ ಗಾದೆಯನ್ನು ಸೇರಿಸಿ. ಬಣ್ಣ ನೋಡಿ ದರ ಕಟ್ಟುವುದು ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ ಮಾತ್ರ ಶೋಭೆ.

ಮಾರುತ್ತರ (ಹುಬ್ಬಳ್ಳಿಯಿಂದ)

‘ಅಲ್ಪಸಂಖ್ಯಾತರಿಗೆ ಮೀಸಲಾತಿ’ – ಎರಡೂ ಪದ ತಪ್ಪು, ಯಾಕೆ ಅಂತ ಹೇಳಿಬಿಡುತ್ತೇನೆ.

2020ರ ಸೆಪ್ಟೆಂಬರಿನಲ್ಲಿ ಅಕಾಡೆಮಿ ಪ್ರಕಟಿಸಿದ ಮಾನದಂಡಗಳು ನಾಲ್ಕು: ಪರದೆಯ ಮೇಲಿನ ಪಾತ್ರ ಮತ್ತು ಕಥೆ, ತೆರೆಯ ಹಿಂದಿನ ಮುಖ್ಯ ತಂಡ, ಹೊಸಬರಿಗೆ ಸಂಬಳ ಸಹಿತ ತರಬೇತಿ, ಪ್ರಚಾರ-ವಿತರಣೆಯ ತಂಡ. ಇವುಗಳಲ್ಲಿ ಯಾವುದಾದರೂ ಎರಡನ್ನು ಪೂರೈಸಿದರೆ ಸಾಕು. ಇದು ಅತ್ಯುತ್ತಮ ಚಿತ್ರ ವಿಭಾಗಕ್ಕಷ್ಟೇ, 2024ರ ಸಮಾರಂಭದಿಂದ ಕಡ್ಡಾಯ. ಮೊದಲನೆಯದನ್ನು ಪೂರೈಸಲು ಮೂರು ದಾರಿ: ಮುಖ್ಯ ಅಥವಾ ಮಹತ್ವದ ಪೋಷಕ ಪಾತ್ರದಲ್ಲಿ ಅವಕಾಶವಂಚಿತ ಮೂಲದ ಒಬ್ಬರಾದರೂ ಇರುವುದು, ಸಣ್ಣಪುಟ್ಟ ಪಾತ್ರಗಳಲ್ಲಿ ಕನಿಷ್ಠ ಶೇ 30 ಅಂಥ ಎರಡು ಗುಂಪುಗಳಿಂದ ಬರುವುದು, ಇಲ್ಲವೇ ಕಥೆಯೇ ಅಂಥ ಗುಂಪಿನದಾಗಿರುವುದು. ಮೂರನೆಯ, ನಾಲ್ಕನೆಯ ಮಾನದಂಡ ಪೂರೈಸಿದ ಚಿತ್ರದಲ್ಲಿ ನಟರೆಲ್ಲ ಬಿಳಿಯರೇ ಇದ್ದರೂ ಅಡ್ಡಿಯಿಲ್ಲ. ಯಾವ ಸ್ಥಾನವನ್ನೂ ಯಾರಿಗೂ ಕಾದಿರಿಸಿಲ್ಲ. ಅಂದಮೇಲೆ ಅದು ಮೀಸಲಾತಿ ಹೇಗಾಯಿತು? ‘ಅರ್ಹತೆಯ ಷರತ್ತು’ ಅನ್ನಿ. ‘ಮೀಸಲಾತಿ’ ಎಂದು ಅಚ್ಚಾದರೆ ಆಸ್ಕರ್ ಬಿಟ್ಟು ನಮ್ಮ ಜಗಳಕ್ಕೇ ಎಲ್ಲರೂ ಇಳಿಯುತ್ತಾರೆ.

‘ಅಲ್ಪಸಂಖ್ಯಾತ’ ನಮ್ಮಲ್ಲಿ ಧರ್ಮದ ಲೆಕ್ಕ, ‘ಹಿಂದುಳಿದ’ ಸರ್ಕಾರಿ ಪ್ರವರ್ಗದ ಲೆಕ್ಕ. ಅಕಾಡೆಮಿಯ ಪಟ್ಟಿಯಲ್ಲಿ ಹೆಂಗಸರೂ ಇದ್ದಾರೆ, ಅಂಗವಿಕಲರೂ ಇದ್ದಾರೆ. ಹೆಂಗಸರು ಅಲ್ಪಸಂಖ್ಯಾತರು ಆಗುವುದು ಯಾವ ಗಣಿತ? ಮೇಲೆ ‘ಅವಕಾಶವಂಚಿತ’ ಎಂದು ಬಳಸಿದ್ದೇನೆ. ಉದ್ದವಾದರೂ ಅಡ್ಡಿಯಿಲ್ಲ ಅನ್ನುವಲ್ಲಿ ‘ಸಾಕಷ್ಟು ಪ್ರಾತಿನಿಧ್ಯ ಸಿಗದವರು’.

ಇನ್ನೊಂದು. ಲೇಖನದಲ್ಲಿ ‘ವಿದೇಶಿ ಭಾಷಾ ಚಿತ್ರ’ ಇದ್ದರೆ ವರ್ಷ ನೋಡಿಕೊಳ್ಳಿ. 2019ರಲ್ಲಿ ಆ ವಿಭಾಗದ ಹೆಸರು ‘ಅಂತರರಾಷ್ಟ್ರೀಯ ಚಿತ್ರ’ ಆಯಿತು. ಹೆಸರು ಬದಲಾಯಿತು, ಷರತ್ತು ಬದಲಾಗಲಿಲ್ಲ: ಅರ್ಧಕ್ಕಿಂತ ಹೆಚ್ಚು ಮಾತು ಇಂಗ್ಲಿಷೇತರ ಭಾಷೆಯಲ್ಲೇ ಇರಬೇಕು. ಅದೇ ವರ್ಷ ನೈಜೀರಿಯಾ ಮೊದಲ ಸಲ ಕಳಿಸಿದ ಚಿತ್ರ ಇಂಗ್ಲಿಷ್ ಹೆಚ್ಚಾಯಿತೆಂದು ಹೊರಬಿತ್ತು. ಆ ದೇಶದ ಅಧಿಕೃತ ಭಾಷೆಯೇ ಇಂಗ್ಲಿಷ್.

ಕೇಳಿದವರಿಂದ (ಧಾರವಾಡ)

ಎಲ್ಲರಿಗೂ ಧನ್ಯವಾದ. ತಿದ್ದಿದ ವಾಕ್ಯ:

“2015 ಮತ್ತು 2016ರಲ್ಲಿ ಆಸ್ಕರ್ ನಟನಾ ವಿಭಾಗಗಳ ಅಂತಿಮ ಕಣಕ್ಕೆ ಅಕಾಡೆಮಿಯ ನಟ ಸದಸ್ಯರು ಆರಿಸಿದ ಇಪ್ಪತ್ತು ಮಂದಿಯೂ ಬಿಳಿಯರು. ಉಳಿದ ಮೂಲದವರನ್ನು ಹೊರಗಿಟ್ಟಿದ್ದಕ್ಕೆ ಜನ ಸಿಟ್ಟಾದರು.”

ಮಾರುತ್ತರ (ಗದಗದಿಂದ)

ಚಲೋ ಆಗೇದ ಅಕ್ಕಾರ, ಒಂದು ಲೆಕ್ಕ ತಪ್ಪೇದ. ನಾಲ್ಕು ವಿಭಾಗ, ಒಂದೊಂದಕ್ಕೆ ಐದು, ವರ್ಷಕ್ಕೆ ಇಪ್ಪತ್ತು. ಎರಡು ವರ್ಷಕ್ಕೆ ನಲವತ್ತು. ಆದರೆ ‘ನಲವತ್ತು ಮಂದಿ’ ಎಂದೂ ಬರೆಯಬೇಡಿ: ಎಡ್ಡಿ ರೆಡ್‌ಮೇನ್, ಮಾರ್ಕ್ ರಫಲೊ ಅಂಥವರು ಎರಡೂ ವರ್ಷ ಇದ್ದರು. “ವರ್ಷಕ್ಕೆ ಇಪ್ಪತ್ತರಂತೆ ನಲವತ್ತು ಸ್ಥಾನಗಳೂ ಬಿಳಿಯರಿಗೇ” ಅನ್ನಿ. ಮತ್ತ ಅವು ಸಮಾರಂಭ ನಡೆದ ವರ್ಷಗಳು. ಚಿತ್ರಗಳು ಅದರ ಹಿಂದಿನ ವರ್ಷದವು, ಅದನ್ನೂ ಒಂದು ಕಡೆ ಹೇಳಿಬಿಡ್ರಿ.